ಕಾರ್ಪೆಟ್ಟಿನ ರಕ್ತಕ್ಕೆ ಸೋಪಿನಪುಡಿ

ಗೆಳೆಯರೇ, ಇವತ್ತು ಬೆಳಿಗ್ಗೆ ಶೆಟ್ಟಿಹಳ್ಳಿಯ ನಮ್ಮ ಮನೆಯಲ್ಲಿ ದೊಡ್ಡ ಅನ್ಯಾಯವಾಗಿದೆ. ನನ್ನ ಹೆಂಡತಿ ಲಲಿತಾ ಆಸೆಪಟ್ಟು ತಂದ ತಿಳಿ ಬಣ್ಣದ ಕಾರ್ಪೆಟ್ ಮೇಲೆ ಪಕ್ಕದ ಮನೆಯ ಅಕ್ರಂ ಸೋಪಿನಪುಡಿ ಸುರಿದುಬಿಟ್ಟರು.

ಟಿವಿ ಮುಂದೆ ಕೂತು ಚಟ್ನಿಗೆ ಕಾಯಿ ಬಿಡಿಸುತ್ತಾ ಬೆರಳು ಕೊಯ್ದುಕೊಂಡಿದ್ದೆ. ಕೂಗು ಕೇಳಿ ಓಡಿಬಂದ ಅಕ್ರಂ ಗಾಯಕ್ಕೆ ಅರಿಶಿನ ಮೆತ್ತಿದರು. ರಕ್ತದ ಜೊತೆ ಅರಿಶಿನವೂ ಕೆಳಗೆ ಬಿತ್ತು. ಸೋಪು ಹಾಕಿ ಉಜ್ಜಿದಷ್ಟೂ ಕಲೆ ಕೆಂಪಾಗಿ ಹರಡಿತು.

“ಏನ್ ಸಾರ್, ಇಷ್ಟೊಂದು ರಕ್ತ! ನಡೀರಿ ಆಸ್ಪತ್ರೆಗೆ” ಎಂದರು ಅಕ್ರಂ.

ತನ್ನ ಅಮ್ಮನ ಆರೈಕೆಗೆಂದು ಹಾಗಲವಾಡಿಗೆ ಹೋಗಿರುವ ಲಲಿತಾಗೆ ಫೋನ್ ಮಾಡಿ ನಡೆದದ್ದೆಲ್ಲಾ ಹೇಳಿದೆ.

“ಅದೆಲ್ಲಾ ರಕ್ತ ಅಲ್ಲ ಕಣ್ರೀ, ಅರಿಶಿನ. ಸೋಪು ತಾಗಿದ್ರೆ ಕೆಂಪಾಗುತ್ತೆ. ರಕ್ತಕ್ಕೆ ತಣ್ಣೀರು ಬಟ್ಟೇಲಿ ಒತ್ತಿ, ಉಜ್ಜಬೇಡಿ. ಬಿಸಿನೀರಂತೂ ಬೇಡವೇ ಬೇಡ. ಅರಿಶಿನ ಬಿಸಿಲಿಗೆ ಹೋಗುತ್ತೆ. ಬೆರಳು ಹೆಂಗಿದೆ?”

“ನೀನೇ ಬಂದು ನೋಡು.”

“ಭಾನುವಾರ ಬರ್ತೀನಿ ಅಂದಿಲ್ವಾ?” ಎಂದು ಫೋನ್ ಇಟ್ಟೇಬಿಟ್ಟಳು.

ಹೊರಡುವಾಗಲೂ ಹೀಗೇ ಅಂದಿದ್ದಳು, ನಾನು ಮರೆತಿಲ್ಲ. ಆಮೇಲೆ ಭಾನುವಾರಗಳು ಬಂದವು, ಅವಳು ಬರಲಿಲ್ಲ.

ರಕ್ತ ತಣ್ಣೀರಿಗೆ ಹೋಯಿತು. ಅರಿಶಿನ ತಾರಸಿಯ ಬಿಸಿಲಿನಲ್ಲಿ ಮಾಸುತ್ತಿದೆ. ಕಾರ್ಪೆಟ್ ಇದ್ದ ಜಾಗ ಮಾತ್ರ ಖಾಲಿ. ಅವಳು ಅವರೆಕಾಯಿ ಬಿಡಿಸುತ್ತಾ, ನಾನು ಓದಿ ಹೇಳುವ ಪುಸ್ತಕಕ್ಕೆ ಆಕಳಿಸುತ್ತಾ ಕೂರುತ್ತಿದ್ದದ್ದು ಅಲ್ಲೇ.

ಲಲಿತಾ, ನೀನು ಇದನ್ನು ಓದುತ್ತೀಯ ಎಂದು ಗೊತ್ತು. ಯಾವ ಭಾನುವಾರ? ಫೋನಿನಲ್ಲಿ ಬೇಡ. ಇಲ್ಲೇ, ಕಾಮೆಂಟಿನಲ್ಲಿ, ಎಲ್ಲರ ಮುಂದೆ ಉತ್ತರ ಕೊಡು.