ಹಸಿ ಗೋಣಿಯ ಭೀಮಾಬಾಯಿ

ಹೊನವಾಡದ ಭೀಮಾಬಾಯಿ ಇಪ್ಪತ್ತು ವರ್ಷ ಒಣದ್ರಾಕ್ಷಿ ಶೆಡ್ಡಿನಲ್ಲಿ ಕೂಲಿ ಮಾಡಿದವಳು. ಮೊಣಕಾಲು ನೋಯತೊಡಗಿ ಏಣಿ ಹತ್ತಲಾಗದಂತಾದ ಮೇಲೆ ತಿಕೋಟಾ ದಾರಿಯ ಕಚ್ಚಾ ಎಣ್ಣೆ ಪೈಪಿನ ಸ್ಟೇಷನ್ನಿನಲ್ಲಿ ಕೆಲಸ ಹಿಡಿದಳು. ಎಂಥ ಕೆಲಸ ಎಂದು ಕೇಳಿದವರು ನಗುತ್ತಿದ್ದರು: ಗೋಣಿಚೀಲಗಳನ್ನು ಸದಾ ಹಸಿಯಾಗಿಡುವುದು.

ನೆಲದಡಿಯ ಪೈಪಿನಲ್ಲಿ ಎಣ್ಣೆ ಹರಿದೂ ಹರಿದೂ ಒಳಗೋಡೆಗೆ ಮೇಣ, ಕಪ್ಪು ಕಸ ಅಂಟಿಕೊಳ್ಳುತ್ತದೆ. ಅದನ್ನು ಕೆರೆಯಲು ಬ್ರಷ್ ಕಟ್ಟಿದ ದೊಡ್ಡ ಉರುಳೆಯೊಂದನ್ನು ಒಳಗೆ ಬಿಡುತ್ತಾರೆ. ಎಣ್ಣೆಯೇ ಅದನ್ನು ಮೈಲುಗಟ್ಟಲೆ ದೂಡಿಕೊಂಡು ಬರುತ್ತದೆ. ಆಫೀಸಿನವರು ಪಿಗ್ ಅನ್ನುತ್ತಾರೆ, ಕೂಲಿಯವರು ಹಂದಿ ಅನ್ನುತ್ತಾರೆ. ಅದು ಬಂದು ಸೇರಿದ ದಿನ ಪೈಪಿನ ಬಾಗಿಲು ತೆಗೆದು, ಕಸ ಬಳಿದು ಹೊರಹಾಕಿ, ಅದರ ಮೇಲೆ ಹಸಿ ಗೋಣಿ ಹೊದಿಸಬೇಕು.

ಅಲ್ಲಿಯ ಸುರಕ್ಷತಾ ಇಂಜಿನಿಯರು ಬಬಲೇಶ್ವರದ ಗೌತಮಿ. ಮೊದಲ ಸಲ ಹಂದಿ ಬರುವಾಗ ಅವಳೇ ಭೀಮಾಬಾಯಿಯ ಅಂಗೈಯನ್ನು ಪೈಪಿಗೆ ಒತ್ತಿ ಹಿಡಿದಿದ್ದಳು. ಮೊದಲು ಏನೂ ಇಲ್ಲ. ಆಮೇಲೆ ಸಣ್ಣ ನಡುಕ. ಅದು ಮೊಣಕೈವರೆಗೂ ಏರಿ, ಏನೋ ಭಾರದ್ದು ಗುಡುಗುಡು ಎಂದು ಕೈಯಡಿಯಲ್ಲೇ ಹಾದುಹೋಯಿತು. ಇಷ್ಟು ಜೋಳದ ಹೊಲಗಳ ಕೆಳಗೆ, ಅಷ್ಟು ಕತ್ತಲಲ್ಲಿ ಇದು ದಾರಿ ಸವೆಸಿ ಬಂತಲ್ಲ ಎಂದು ಭೀಮಾಬಾಯಿ ಬಹಳ ಹೊತ್ತು ಕೈ ತೆಗೆಯಲಿಲ್ಲ.

ಕಳೆದ ಬೇಸಿಗೆಯಲ್ಲಿ ಹಂದಿ ಬಂದಿದ್ದ ಒಂದು ಮಧ್ಯಾಹ್ನ ಎಲ್ಲರೂ ಚಹಾಕ್ಕೆ ಹೋಗಿದ್ದರು. ಪೈಪಿನ ಬಾಗಿಲು ಇನ್ನೂ ತೆರೆದೇ ಇತ್ತು. ಹಂದಿಯಿಂದ ಬಿಚ್ಚಿದ, ಕಸ ಮೆತ್ತಿದ ಬ್ರಷ್ಶೊಂದನ್ನು ಯಾರೋ ಕಟ್ಟೆಯ ಮೇಲೆ ಮರೆತಿದ್ದರು. ಗೋಣಿಗೆ ನೀರು ಹಾಕುತ್ತಿದ್ದ ಭೀಮಾಬಾಯಿಯ ಮೂಗಿಗೆ ಗಂಧಕದ ವಾಸನೆ ಬಡಿಯಿತು. ದ್ರಾಕ್ಷಿಯ ಬಣ್ಣ ಉಳಿಯಲೆಂದು ಶೆಡ್ಡಿನಲ್ಲಿ ಗಂಧಕದ ಹೊಗೆ ಹಾಕುತ್ತಿದ್ದರಿಂದ ಅದು ಅವಳಿಗೆ ಗೊತ್ತಿದ್ದ ವಾಸನೆ. ತಿರುಗಿ ನೋಡಿದರೆ ಬ್ರಷ್ಶಿನ ತುದಿಯಲ್ಲಿ ನೂಲೆಳೆಯಂಥ ಹೊಗೆ. ಹತ್ತಿರದಲ್ಲಿ ಕಡ್ಡಿಯಿಲ್ಲ, ಬೀಡಿಯಿಲ್ಲ. ಕಪ್ಪು ಪುಡಿ ಬಿಸಿಗಾಳಿಗೆ ಒಣಗುತ್ತ ತಾನಾಗಿ ಕೆಂಪಗಾಗುತ್ತಿತ್ತು.

ಅವಳು ಹಸಿ ಗೋಣಿ ಎತ್ತಿ ಅದರ ಮೇಲೆ ಒಗೆದಳು, ಎರಡು ಕೊಡ ನೀರು ಸುರಿದಳು, ಆಮೇಲೆ ಗೌತಮಿಯನ್ನು ಕೂಗಿದಳು. ಗೌತಮಿ ಓಡಿಬಂದು ಮೊದಲು ಬಾಗಿಲು ಮುಚ್ಚಿಸಿದಳು. ಆಮೇಲೆ ಬಿಡಿಸಿ ಹೇಳಿದಳು. ಕಬ್ಬಿಣ, ಗಂಧಕ ಕೂಡಿ ಆದ ಪುಡಿ ಅದು. ಗಾಳಿಯಿಲ್ಲದ ಪೈಪಿನಲ್ಲಿ ವರ್ಷಗಟ್ಟಲೆ ತಣ್ಣಗೆ ಬಿದ್ದಿರುತ್ತದೆ.

"ಅಂದ್ರ ಗಾಳಿನ ಅದಕ್ಕ ಬೆಂಕಿಕಡ್ಡಿ ಏನವ್ವಾ?" ಎಂದು ಭೀಮಾಬಾಯಿ ಕೇಳಿದಳು.

"ಹೌದ್ರಿ, ಪುಡಿ ಒಣಗಿತಂದ್ರ. ಹತ್ತು ಹೆಜ್ಜಿ ಆಚಿ ತೆರೆದ ಪೈಪಿನ್ಯಾಗ ಎಣ್ಣಿ ಆವಿ ತುಂಬಿತ್ತು. ನೀವು ಇರದಿದ್ರ ಸ್ಟೇಷನ್ ಉಳೀತಿರಲಿಲ್ಲ."

ಅಂದಿನಿಂದ ಬ್ರಷ್ಶುಗಳೂ ನೀರಿನ ತೊಟ್ಟಿಯಲ್ಲೇ ಇರುತ್ತವೆ. ಭೀಮಾಬಾಯಿ ಒಂದು ಸುತ್ತು ನೋಡಿ ತಲೆಯಾಡಿಸುವ ತನಕ ಯಾರೂ ಚಹಾಕ್ಕೆ ಏಳುವುದಿಲ್ಲ. ಗೋಣಿ ಕಂಡು ನಗುವ ಹೊಸಬರನ್ನು ಗೌತಮಿ ಅವಳೊಂದಿಗೆ ದೂರದ ಬಯಲಿಗೆ ಕರೆದೊಯ್ಯುತ್ತಾಳೆ. ತಗಡಿನ ಮೇಲೆ ಚಿಟಿಕೆ ಪುಡಿ, ಪಕ್ಕದಲ್ಲಿ ನೀರು ತುಂಬಿದ ಬಕೆಟ್ಟು. ಎಲ್ಲರೂ ಕುಕ್ಕರಗಾಲಲ್ಲಿ ಕೂತು ಕಾಯುತ್ತಾರೆ. ಕಪ್ಪು ಕೆಂಪಿಗೆ ತಿರುಗುವ ಹೊತ್ತಿಗೆ ಯಾರೂ ನಗುತ್ತಿರುವುದಿಲ್ಲ. ಎಷ್ಟು ಸಲ ನೋಡಿದ್ದರೂ ಭೀಮಾಬಾಯಿಯ ಉಸಿರು ಆ ಗಳಿಗೆ ನಿಂತುಬಿಡುತ್ತದೆ. ಆಮೇಲೆ ಅವಳು ಬಕೆಟ್ಟು ಎತ್ತುತ್ತಾಳೆ.