ನಡಿಗೆಯ ವೇಗಕ್ಕೆ ಓಡುವ ಕಾರು

ದೊಡ್ಡಪ್ಪನ ಬಲಗೈ ಹೆಬ್ಬೆರಳಿನ ಉಗುರು ನೀಲಿಯಾಗಿತ್ತು. ಪೆಟ್ಟು ಬಿದ್ದು ಕಂದಿದ ನೀಲಿಯಲ್ಲ. ಜೀನ್ಸ್ ಬಟ್ಟೆಯ ಬಣ್ಣ ವರ್ಷಗಟ್ಟಲೆ ಕೂತು ಬುಡದವರೆಗೆ ಇಳಿದ ನೀಲಿ. ಆ ಉಗುರನ್ನು ಅವರು ಉದ್ದ ಬಿಟ್ಟಿದ್ದರು. ಹೊಲಿದು ಬಂದ ಪ್ಯಾಂಟಿನ ಸಂದಿಗೆ ಅದನ್ನು ಸಿಕ್ಕಿಸಿ ಒಮ್ಮೆ ಜಗ್ಗಿದರೆ ಕೆಟ್ಟ ಹೊಲಿಗೆ ಬಾಯಿ ಬಿಡುತ್ತಿತ್ತು. ನನ್ನ ನೆನಪು ಹೀಗಿದೆ. ಪಡಸಾಲೆಯಲ್ಲಿರುವ ಅವರ ದೊಡ್ಡ ಫೋಟೋದಲ್ಲಿ ಎರಡೂ ಕೈ ಕಾಣುತ್ತವೆ; ಉಗುರುಗಳು ಎಲ್ಲರ ಉಗುರಿನ ಹಾಗೆಯೇ ಇವೆ. ಸ್ಟುಡಿಯೋದವನು ತಿದ್ದಿದನೋ, ನಾನೇ ಬಣ್ಣ ಹಚ್ಚಿದೆನೋ ಹೇಳಲಾರೆ.

ರಾಯದುರ್ಗದಲ್ಲಿ ಕೋಟೆ ಬೆಟ್ಟದ ಕೆಳಗಿನ ಓಣಿಯೊಂದರಲ್ಲಿ ಅವರ ಜೀನ್ಸ್ ಹೊಲಿಯುವ ಯುನಿಟ್ ಇತ್ತು. ಅಪ್ಪ ಅವರ ತಮ್ಮ; ಅಲ್ಲೇ ಕಟಿಂಗ್ ನೋಡಿಕೊಳ್ಳುತ್ತಿದ್ದ. ನಮ್ಮದೆಲ್ಲ ಒಂದೇ ಮನೆ, ಒಂದೇ ಒಲೆ. ಅಣ್ಣ ಮಾತಾಡುತ್ತಿದ್ದರು, ತಮ್ಮ ಕೆಮ್ಮುತ್ತಿದ್ದ. ಕಟಿಂಗ್ ಕೋಣೆಯ ನೂಲಿನ ಧೂಳು ಅಪ್ಪನ ಎದೆಯೊಳಗೆ ಯಾವಾಗ ಸೇರಿತೋ ಯಾರೂ ಗಮನಿಸಲಿಲ್ಲ.

"ಜಗ್ಗಿ ನೋಡಿದ್ರ ಗೊತ್ತಾಗ್ತೈತಿ" ಎಂಬುದು ದೊಡ್ಡಪ್ಪ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಮಾತು. ಬಟ್ಟೆಗೂ ಅದೇ, ಮನುಷ್ಯರಿಗೂ ಅದೇ. ಒಬ್ಬ ಟೈಲರ್ ಒಂದು ಕಾಲು ಗಿಡ್ಡ ಹೊಲಿದುಬಿಟ್ಟಿದ್ದ. ದೊಡ್ಡಪ್ಪ ಬೈಯಲಿಲ್ಲ. ಪ್ಯಾಂಟನ್ನು ಅವನ ಕೈಗೇ ಕೊಟ್ಟರು.

"ಏಂ ನಾಯನಾ, ಒಂದು ಕಾಲು ಬಳ್ಳಾರಿಗೆ, ಒಂದು ಕಾಲು ಅನಂತಪುರಕ್ಕ ಹೊಲದೀಯೇನು? ಹಾಕ್ಕೊ. ಹಾಕ್ಕೊಂಡು ಬಸ್ ಸ್ಟ್ಯಾಂಡ್ ತಂಕ ಹೋಗಿ ಎಲ್ಲರಿಗೂ ಚಾ ತಗಂಬಾ."

ಅವನು ಹಾಕಿಕೊಂಡ. ಹೋದ. ಚಹಾ ತಂದ. ಯುನಿಟ್ಟಿನವರೆಲ್ಲ ನಗುತ್ತಾ ಕುಡಿದರು. ಅಂಥ ನಗು ಅಲ್ಲಿ ಕಡ್ಡಾಯವಾಗಿತ್ತು.

ನನ್ನನ್ನು ವಿಶ್ವವಿದ್ಯಾಲಯಕ್ಕೆ ಕಳಿಸಿದವರೂ ಅವರೇ. ಮನೆಯಲ್ಲಿ ಎಲ್ಲರೂ ಬೇಡವೆಂದಾಗ ತಾವೇ ಕರೆದುಕೊಂಡು ಹೋಗಿ ಹಾಸ್ಟೆಲ್ ವಾರ್ಡನ್ ಮುಂದೆ ನಿಲ್ಲಿಸಿದರು. "ಹುಡುಗಿ ಕರ್ರಗೈತಿ, ಹಲ್ಲು ಉಬ್ಬು. ಮದುವಿ ಬಜಾರದಾಗ ನಡಿಯಂಗಿಲ್ಲ. ತಲಿ ಚಲೋ ಐತಿ, ನೀವರ ಏನರ ಮಾಡ್ರಿ" ಎಂದರು. ನಾನು ಇಂದು ಮಡಕಶಿರಾದಲ್ಲಿ ಪಾಠ ಹೇಳಿ ಬದುಕುತ್ತಿರುವುದು ಆ ಮಾತಿನಿಂದ. ಆ ದಿನದ ಉಪಕಾರವನ್ನೂ ಅವಮಾನವನ್ನೂ ಬೇರೆ ಬೇರೆ ಮಾಡಿ ಇಟ್ಟುಕೊಳ್ಳಲು ನನಗೆ ಇನ್ನೂ ಬಂದಿಲ್ಲ.

ಅವರಿಗೆ ಕಾರಿನ ಹುಚ್ಚು ಹಿಡಿದದ್ದು ತೀರ ಈಚೆಗೆ. ಊರಿನ ಉಳಿದ ಯುನಿಟ್ ಮಾಲೀಕರು ಎತ್ತರದ ದೊಡ್ಡ ಗಾಡಿಗಳನ್ನು ತಂದು ನಿಲ್ಲಿಸಿದ್ದರು. ದೊಡ್ಡಪ್ಪನಿಗೆ ತಗ್ಗಿನ, ಉದ್ದ ಮೂತಿಯ, ವಿದೇಶಿ ಸೆಡಾನೇ ಬೇಕು. "ಎತ್ತರದ ಗಾಡಿಯಾಗ ಕುಂತ್ರ ಮಂದಿ ನೆಟ್ಟಗ ನಿಂತು ಮಾತಾಡ್ತಾರ. ತಗ್ಗಿನದಾಗ ಕುಂತ್ರ ಬಗ್ಗಿ ಮಾತಾಡಬೇಕು" ಎಂದರು. ನನಗೆ ಫೋನ್ ಮಾಡಿ ಕೆಲಸ ಒಪ್ಪಿಸಿದರು: "ಎಂ.ಎ. ಓದೀಯಲ್ಲ, ಯಾವ ಗಾಡಿ ಚಳಿಗಾಲದಾಗ ಚಲೋ ಓಡ್ತೈತಿ, ನೋಡಿ ಹೇಳು."

ನಾನು ಸ್ಟಾಫ್ ರೂಮಿನಲ್ಲಿ ಕೂತು ಮೊಬೈಲಿನಲ್ಲಿ ಹುಡುಕಿದೆ. ಎಲ್ಲ ಕಡೆ ಹಿಮದ ಮಾತು: ಹೆಪ್ಪುಗಟ್ಟಿದ ರಸ್ತೆ, ಜಾರದ ಟೈರು, ಬಿಸಿಯಾಗುವ ಸೀಟು, ನಾಲ್ಕೂ ಚಕ್ರಕ್ಕೆ ಶಕ್ತಿ. ಪಕ್ಕದಲ್ಲಿ ಕೂತ ಮಡಕಶಿರಾದ ಮೇಷ್ಟ್ರು ಇಣುಕಿ, "ಏನ್ ಮೇಡಮ್, ಕಾಶ್ಮೀರುಕ್ಕೆ ಟ್ರಾನ್ಸ್‌ಫರ್ ಆಯ್ತಾ?" ಎಂದರು. ನಾನು ಓದಿದ್ದನ್ನೆಲ್ಲ ದೊಡ್ಡಪ್ಪನಿಗೆ ಒಪ್ಪಿಸಿದೆ.

"ಹಿಮ ಯಾರಿಗೆ ಬೇಕಾಗೈತಿ? ಮಂಜಿನ ಮಾತು ಹೇಳು."

"ಮಂಜಿನ ಬಗ್ಗೆ ಯಾರೂ ಬರದಿಲ್ಲ ದೊಡ್ಡಪ್ಪ."

"ಹಂಗಾರ ಓದಿ ಏನು ಬಂತು?"

ಅವರ ಚಳಿಗಾಲವೆಂದರೆ ಧನುರ್ಮಾಸದ ಶನಿವಾರಗಳು. ಬೆಳಕು ಹರಿಯುವ ಮೊದಲು ಹೊರಟು ಬೊಮ್ಮನಹಾಳ್ ಕಡೆಯ ಕಾಲುವೆ ರಸ್ತೆ ಹಿಡಿದು, ನೇಮಕಲ್ಲಿನ ಆಂಜನೇಯನ ಮೊದಲ ಪೂಜೆಗೆ ನಿಲ್ಲಬೇಕು. ಕಾಲುವೆಯ ಬದಿಗೆಲ್ಲ ಭತ್ತದ ಗದ್ದೆ. ಆ ತಿಂಗಳು ಅಲ್ಲಿ ಮಂಜು ಇಳಿದರೆ ಹೆಡ್‌ಲೈಟು ಹಾಕಿದಷ್ಟೂ ಬಿಳಿ ಗೋಡೆ ದಪ್ಪವಾಗುತ್ತದೆ. ರಸ್ತೆಯ ಒಂದು ಬದಿಗೆ ತಡೆಗೋಡೆಯೂ ಇಲ್ಲ, ನೇರ ನೀರು. ಹಳೆಯ ಜೀಪಿನ ಕಾಲದಲ್ಲಿ ಅಲ್ಲಿ ಒಬ್ಬರು ಇಳಿದು, ಟಾರ್ಚಿನ ಬೆಳಕನ್ನು ರಸ್ತೆಯ ಅಂಚಿಗೆ ಬಿಡುತ್ತಾ ಸೇತುವೆ ದಾಟುವವರೆಗೆ ಮುಂದೆ ನಡೆಯುತ್ತಿದ್ದರು, ಜೀಪು ಅವರ ಹಿಂದೆ ತೆವಳುತ್ತಿತ್ತು. ಹಾಗೆ ನಡೆಯುತ್ತಿದ್ದವನು ಯಾವಾಗಲೂ ಅಪ್ಪ. ಆಗ ಅದು ಬುದ್ಧಿವಂತಿಕೆಯ ಕೆಲಸವೇ ಆಗಿತ್ತು ಅನ್ನಿಸುತ್ತದೆ. ಯಾವುದೋ ವರ್ಷದಿಂದ ಅದು ಅಪ್ಪಣೆಯಾಯಿತು.

ಬೆಂಗಳೂರಿನಿಂದ ಎರಡು ಕಾರುಗಳನ್ನು ತೋರಿಸಲು ಸೇಲ್ಸ್‌ನವನೊಬ್ಬ ಬಂದ. ಟೈ ಕಟ್ಟಿದ್ದ, ಬೂಟು ಹೊಳೆಯುತ್ತಿದ್ದವು. ದೊಡ್ಡಪ್ಪ ಮೊದಲು ಚರ್ಮದ ಸೀಟಿನ ಹೊಲಿಗೆಗೆ ಉಗುರು ಹಾಕಿ ಜಗ್ಗಿದರು. ಅವನ ಮುಖ ಬಿಳಿಚಿತು. ಹೊಲಿಗೆ ನಿಂತಿತು. ಆಮೇಲೆ ಶನಿವಾರ ಮುಂಜಾನೆ ಎರಡೂ ಕಾರನ್ನು ಕಾಲುವೆ ರಸ್ತೆಗೆ ತರಿಸಿ, ಒಳ್ಳೆ ದಟ್ಟ ಮಂಜಿನ ಜಾಗ ನೋಡಿ ನಿಲ್ಲಿಸಿದರು.

"ಈಗ ನೀ ಇಳಿಯಪ್ಪಾ. ಮುಂದ ನಡಿ."

"ಯಾಕೆ ಸಾರ್? ಇದರಲ್ಲಿ ಕ್ಯಾಮೆರಾ ಇದೆ, ರೇಡಾರ್ ಇದೆ. ಎದುರಿಗೆ ಎಮ್ಮೆ ಬಂದ್ರೂ ಗಾಡಿ ತಾನೇ ನಿಲ್ಲುತ್ತೆ."

"ಎಮ್ಮಿ ಬಂದ್ರ ನಿಲ್ತೈತಿ. ಕಾಲುವಿ ಬಂದ್ರ?"

ಅವನು ತಮಾಷೆಯೆಂದು ನಕ್ಕ. ಯಾರೂ ನಗದಿದ್ದಾಗ ಇಳಿದು ನಡೆದ. ಮೊದಲ ಕಾರು ಅಷ್ಟು ನಿಧಾನಕ್ಕೆ ಹೊಂದಿಕೊಳ್ಳಲಿಲ್ಲ. ಮುಗ್ಗರಿಸುತ್ತಾ, ಜಗ್ಗುತ್ತಾ, ಕೀಚ್ ಕೀಚ್ ಎನ್ನುತ್ತಾ ಹೋಯಿತು. ಅವನು ಪ್ರತಿ ಸಲವೂ ಬೆಚ್ಚಿ ಹಿಂದೆ ನೋಡುತ್ತಿದ್ದ. ಎರಡನೆಯದು ಮದುವೆ ಮೆರವಣಿಗೆಯಂತೆ ಮೆತ್ತಗೆ ಹಿಂಬಾಲಿಸಿತು. ದೊಡ್ಡಪ್ಪ ಅದನ್ನೇ ಆರಿಸಿದರು. ಗಂಟೆಗೆ ಎಷ್ಟು ಓಡುತ್ತದೆ ಎಂದು ಕೊನೆಯವರೆಗೂ ಕೇಳಲಿಲ್ಲ. ಬೂಟು, ಪ್ಯಾಂಟು ಎಲ್ಲ ಒದ್ದೆಯಾಗಿ ನಿಂತಿದ್ದ ಅವನಿಗೆ ಯುನಿಟ್ಟಿನಿಂದ ಒಂದು ಜೀನ್ಸ್ ಕೊಡಿಸಿದರು. ರಿಜೆಕ್ಟ್ ಆದ ಮಾಲು ಎಂದು ಅವನಿಗೆ ಬೆಂಗಳೂರು ಮುಟ್ಟಿದ ಮೇಲೆ ತಿಳಿದಿರಬೇಕು.

ಮುಂದಿನ ಧನುರ್ಮಾಸ ಬರುವ ಹೊತ್ತಿಗೆ ಅಪ್ಪನ ಜೇಬಿಗೆ ಉಸಿರಿನ ಪಂಪ್ ಬಂದಿತ್ತು. ಚಳಿಗಾಳಿಗೆ ಹೊರಗೆ ಬಿಡಲೇಬೇಡಿ ಎಂದು ಡಾಕ್ಟರು ದೊಡ್ಡಪ್ಪನ ಎದುರಿಗೇ ಹೇಳಿದ್ದರು. ಮೊದಲ ಶನಿವಾರ ರಜೆಗೆ ಬಂದ ನಾನೂ, ದೊಡ್ಡಮ್ಮನೂ ಹಿಂದೆ ಕೂತಿದ್ದೆವು. ಕಾಲುವೆ ಬಂದೊಡನೆ ಕಾರು ನಿಂತಿತು. ದೊಡ್ಡಪ್ಪ ಪಕ್ಕದಲ್ಲಿದ್ದ ಟಾರ್ಚನ್ನು ಅಪ್ಪನ ತೊಡೆಯ ಮೇಲಿಟ್ಟರು. ಅಪ್ಪ ಮಫ್ಲರ್ ಬಿಗಿದುಕೊಂಡು ಇಳಿದ.

ನಮ್ಮ ಸೀಟು ಬೆಚ್ಚಗೆ ಬಿಸಿಯಾಗುತ್ತಿತ್ತು. ಗಾಜಿನಾಚೆ ಅಪ್ಪನ ಬೆನ್ನು ಬಿಳಿಯೊಳಗೆ ಕರಗುತ್ತಾ ಮೂಡುತ್ತಾ ಇತ್ತು. ಸ್ಟೇರಿಂಗ್ ಹಿಂದಿನ ಪರದೆಯಲ್ಲಿ, ಮುಂದೆ ಮನುಷ್ಯನಿದ್ದಾನೆ ಎಂದು ತೋರಿಸುವ ಕಿತ್ತಳೆ ಬಣ್ಣದ ಸಣ್ಣ ಬೊಂಬೆ ಹತ್ತಿಕೊಂಡಿತು.

"ನೋಡಲ್ಲಿ, ನಿಮ್ಮಪ್ಪ ಟೀವಿಯಾಗ ಬಂದಾನ" ಎಂದರು ದೊಡ್ಡಪ್ಪ.

ಸ್ವಲ್ಪ ದೂರಕ್ಕೆ ಬೊಂಬೆ ಕೆಂಪಾಯಿತು, ಕಾರು ತಾನಾಗಿ ನಿಂತಿತು. ಅಪ್ಪ ಮೊಣಕಾಲಿಗೆ ಕೈ ಊರಿ ಬಾಗಿದ್ದ, ಟಾರ್ಚು ನೆಲದಲ್ಲಿ ಉರುಳುತ್ತಿತ್ತು. ದೊಡ್ಡಪ್ಪ ಹಾರ್ನ್ ಹೊಡೆದರು. ಗಾಜಿಳಿಸಿ, "ಕೆಮ್ಮೋದು ಗುಡಿಗೆ ಹೋಗಿ ಕೆಮ್ಮು! ಪೂಜಿ ತಪ್ಪತೈತಿ" ಎಂದು ಕೂಗಿದರು.

"ಅವಗ ಆಗವಲ್ದುರೀ, ಒಳಗ ಕರ್ಕೊಳ್ರಿ" ಎಂದರು ದೊಡ್ಡಮ್ಮ.

"ನೀ ಇಳದು ನಡಿತಿಯೇನು?"

ದೊಡ್ಡಮ್ಮ ಸೆರಗು ಸರಿಮಾಡಿಕೊಂಡರು. ನಾನು ಇಳಿದೆ. ಇಳಿದೆ ಎಂದು ಆ ದಿನದ ದಿನಚರಿಯಲ್ಲಿದೆ. ಆದರೆ ಬರೆದವಳೂ ನಾನೇ. ಬಾಗಿಲಿಗೆ ಕೈ ಹಾಕಿದ್ದು ಮಾತ್ರ ನೆನಪಿದೆ, ಅದರ ತಣ್ಣನೆಯ ಹಿಡಿ ನೆನಪಿದೆ. ಅಷ್ಟರಲ್ಲಿ ಅಪ್ಪ ಟಾರ್ಚು ಎತ್ತಿಕೊಂಡು, ಬೇಡ ಎಂದು ಹಿಂದಕ್ಕೆ ಕೈ ಆಡಿಸಿ ಮತ್ತೆ ನಡೆಯತೊಡಗಿದ. ಪೂಜೆ ತಪ್ಪಲಿಲ್ಲ.

ಆ ವಾರದಲ್ಲೇ ಅಪ್ಪನನ್ನು ಬಳ್ಳಾರಿಯ ಆಸ್ಪತ್ರೆಗೆ ಸೇರಿಸಬೇಕಾಯಿತು. ಮೂಗಿಗೆ ಆಮ್ಲಜನಕದ ನಳಿಗೆ. ಮುಂದಿನ ಶನಿವಾರ ಮಧ್ಯಾಹ್ನ ದೊಡ್ಡಪ್ಪ ಮೋಸಂಬಿ ಹಿಡಿದು ಬಂದರು. ಮಂಚದ ಬದಿಗೆ ಕೂತು, ಹೊದಿಕೆಯ ಅಂಚಿಗೆ ಉಗುರು ಹಾಕಿ ಜಗ್ಗಿ, "ಯಾರು ಹೊಲದಾರೋ ಇದನ್ನ, ಕೈ ಮುರದು ಹಾಕಬೇಕು" ಎಂದರು.

ಅಪ್ಪ ನಿಧಾನವಾಗಿ ಕೇಳಿದ, "ಹೋಗಿದ್ದೇನಣ್ಣ?"

"ಹೋಗಿ ಬಂದೆ. ನಾನು, ನಿಮ್ಮತ್ತಿಗಿ, ಇಬ್ಬರ."

"ಮಂಜು?"

"ಭಾಳ. ಬಾನೆಟ್ ಸೈತ ಕಾಣ್ತಿದ್ದಿಲ್ಲ."

"ಮತ್ತ ಮುಂದ ಯಾರು..."

"ಯಾರ್ಯಾಕ ಬೇಕು? ಗಾಡಿಗೆ ಎಲ್ಲಾ ಕಾಣ್ತೈತಿ. ಹೋದ ವಾರ ಸುಮ್ಮನ ನಿನ್ನ ಹಿಂದ ಎತ್ತಿನ ಬಂಡಿ ಹೊಡದಂಗ ಹೊಡದೆ. ಇವತ್ತು ನೀ ಇದ್ದಿಲ್ಲ ನೋಡು, ಬ್ಯಾಗನ ಗುಡಿ ಮುಟ್ಟಿದ್ವಿ."

ಅಪ್ಪ ಗೋಡೆಯ ಕಡೆ ಹೊರಳಿದ. ದೊಡ್ಡಪ್ಪ ಎದ್ದು, ಒಂದು ಮೋಸಂಬಿಯನ್ನು ತಾವೇ ಸುಲಿದು ತಿನ್ನುತ್ತಾ ಹೊರಟುಹೋದರು. ಎದೆ ಕೆಡಿಸಿದ್ದು ಸಾಲದೆಂದು, ಅದು ಕೆಟ್ಟದ್ದು ಯಾವ ಕೆಲಸಕ್ಕಾಗಿಯೋ ಆ ಕೆಲಸವೂ ವ್ಯರ್ಥವಾಗಿತ್ತು ಎಂದು ಹೇಳಲು ಈ ಮನುಷ್ಯ ಅಷ್ಟು ದೂರ ಬಂದರಲ್ಲ ಎಂದು ಮಂಚದ ಆಚೆ ಬದಿಗೆ ನಿಂತಿದ್ದ ನನಗೆ ಅನ್ನಿಸಿತು. ಅಂದಿನಿಂದ ಅವರು ಅಪ್ಪನನ್ನು ಎಂದೂ ಕಾಲುವೆ ರಸ್ತೆಗೆ ಕರೆಯಲಿಲ್ಲ. ಅಪ್ಪ ಮನೆಗೆ ಬಂದ, ಕಟಿಂಗ್ ಕೋಣೆಗೆ ಹೋಗುವುದು ನಿಂತಿತು, ಉಸಿರು ಅಷ್ಟಿಷ್ಟು ಹಿಡಿತಕ್ಕೆ ಸಿಕ್ಕಿತು.

ದೊಡ್ಡಪ್ಪ ಹೋದದ್ದು ಮಳೆಗಾಲದಲ್ಲಿ, ಯುನಿಟ್ಟಿನ ನಡುಮಧ್ಯೆ, ಕೈಯಲ್ಲೊಂದು ಪ್ಯಾಂಟು ಹಿಡಿದುಕೊಂಡೇ. ಕುರ್ಚಿಯಲ್ಲಿ ಕೂತು ಒಬ್ಬನನ್ನು ಬೈಯುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿದರಂತೆ. ಇನ್ನೂ ದೊಡ್ಡ ಬೈಗುಳ ಹುಡುಕುತ್ತಿದ್ದಾರೆ ಎಂದುಕೊಂಡು ಎಲ್ಲರೂ ತಲೆ ತಗ್ಗಿಸಿ ಕಾದರಂತೆ. ಹತ್ತಿರ ಹೋಗುವ ಧೈರ್ಯ ಯಾರಿಗೂ ಬರಲಿಲ್ಲ. ಕೈಯಿಂದ ಪ್ಯಾಂಟು ಜಾರಿ ಬಿದ್ದ ಮೇಲೆ, ಅದನ್ನು ಎತ್ತಿಕೊಡಲು ಹೋದವನಿಗೆ ಗೊತ್ತಾಯಿತು.

ಕಾರ್ಯವೆಲ್ಲ ಮುಗಿದ ಮೇಲೆ ಒಂದು ದಿನ ದೊಡ್ಡಮ್ಮ ಅಕ್ಕಿ ಆರಿಸುತ್ತಾ ತಾವಾಗಿ ಮಾತು ತೆಗೆದರು.

"ಅವತ್ತು ನಾವು ನೇಮಕಲ್ಲಿಗೆ ಹೋಗೇ ಇಲ್ಲಬೇ. ಕಾಲುವಿ ತಂಕ ಹೋದ್ವಿ. ಮುಂದ ಹೋಗಾಕ ಅವರಿಗೆ ಕೈಕಾಲು ಬರಲಿಲ್ಲ. ಬಿಸಿಲು ಬರೋತನಕ ಗಾಡಿಯಾಗ ಸುಮ್ಮನ ಕುಂತು, ತಿರುಗಿಸಿಕೊಂಡು ಬಂದ್ವಿ. ಯಾರಿಗೂ ಹೇಳಬ್ಯಾಡ ಅಂದಿದ್ರು."

ನಾನು ಅಂದು ದಿನಚರಿಯಲ್ಲಿ ತುಂಬ ಬರೆದೆ. ಆಸ್ಪತ್ರೆಯ ಆ ಸುಳ್ಳು ತಮ್ಮನನ್ನು ಉಳಿಸಲು ಹೇಳಿದ್ದು. 'ನೀನು ಬೇಡ' ಎನ್ನದೆ ಬೇರೆ ದಾರಿಯಲ್ಲಿ ಅವನನ್ನು ಆ ರಸ್ತೆಯಿಂದ ಬಿಡಿಸಲು ಅವರಿಗೆ ಬರುತ್ತಿರಲಿಲ್ಲ. ಪ್ರೀತಿಗೂ ಅವರ ಬಾಯಲ್ಲಿ ಬೈಗುಳದ ಭಾಷೆಯೇ ಇತ್ತು, ಹೀಗೆಲ್ಲ. ಬರೆದ ಮೇಲೆ ಮನಸ್ಸು ಹಗುರಾಯಿತು. ನನ್ನ ಮನಸ್ಸು ಹಗುರಾದಾಗಲೆಲ್ಲ ನಾನು ಏನನ್ನೋ ತಿದ್ದಿರುತ್ತೇನೆ ಎಂಬ ಅನುಮಾನ ನನಗಿದೆ. ಅದಕ್ಕೇ ಅಪ್ಪನ ಹತ್ತಿರ ಹೋದೆ. ಅವನು ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತಾ ಕೂತಿದ್ದ. ದೊಡ್ಡಮ್ಮ ಹೇಳಿದ್ದನ್ನು ಹೇಳಿದೆ.

"ಗೊತ್ತಿತ್ತು ಬಿಡು" ಎಂದ.

"ಹೆಂಗ ಗೊತ್ತಿತ್ತು?"

"ನೇಮಕಲ್ಲಿಗೆ ಹೋಗಿ ಬಂದವನ ಹಣಿ ಮ್ಯಾಲ ಸಿಂಧೂರ ಇರಬೇಕಲ್ಲ. ಬರೇ ಹಣಿ ಹೊತ್ಕೊಂಡು ಬಂದಿದ್ದ."

"ಮತ್ತ ಯಾಕ ಸುಮ್ಮನ ಗೋಡಿ ಕಡೆ ಹೊಳ್ಳಿದಿ? ಅವತ್ತ ಕೇಳಬೇಕಿತ್ತು, ಸುಳ್ಳು ಯಾಕ ಹೇಳ್ತಿ ಅಂತ."

ಅಪ್ಪ ಪಂಪ್ ಬಾಯಿಗಿಟ್ಟು ಒಮ್ಮೆ ಎಳೆದುಕೊಂಡ. ಉಸಿರು ಒಳಗೆ ಇಳಿಯುವವರೆಗೆ ಕಾದ.

"ಕೇಳಿದ್ರ ಮುಂದಿನ ಶನಿವಾರ ಮತ್ತ ನಡಸ್ತಿದ್ದ."