ಬಸ್ಸು ಕಟ್ಟುವ ಪುಸ್ತಕ ಹೇಳಿ ಬರೆಸಿದ ಮೇಸ್ತ್ರಿ

ಅವರ ಬೆರಳ ತುದಿಗಳಿಗೆ ಕಾಗದ ಗೊತ್ತಾಗುತ್ತಿರಲಿಲ್ಲ. ಮೂವತ್ತು ವರ್ಷ ತಗಡು ಬಡಿದು, ಬೆಸುಗೆ ಹಾಕಿ, ಹತ್ತರಲ್ಲಿ ಒಂಬತ್ತು ಬೆರಳು ಕೊರಡಿನಂತಾಗಿದ್ದವು. ಕೈಯಲ್ಲಿರುವುದು ಒಂದು ಹಾಳೆಯೋ ಎರಡೋ ತಿಳಿಯುತ್ತಿರಲಿಲ್ಲ. ಹಾಗಾಗಿ ಪುಸ್ತಕದ ಪುಟಗಳನ್ನು ಎಡಗೈಯ ಕಿರುಬೆರಳಿನಿಂದ ತಿರುಗಿಸುತ್ತಿದ್ದರು. "ಇದೊಂದು ಬೆರಳು ಇನ್ನೂ ಸಾಲಿ ಕಲಿಯಾಕ ಹೊಂಟದ" ಎನ್ನುತ್ತಿದ್ದರು.

ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಉಳಿದವರಿಗೆಲ್ಲ ಅವರು ಮೇಸ್ತ್ರಿ. ಪುಣೆಯಿಂದ ಸೋಲಾಪುರದ ಕಡೆ ಹೋಗುವ ರಸ್ತೆಯಲ್ಲಿ, ಹಡಪ್ಸರ ದಾಟಿದ ಮೇಲೆ, ಬಸ್ಸಿಗೆ ಬಾಡಿ ಕಟ್ಟುವ ಒಂದು ತಗಡಿನ ಶೆಡ್ಡಿನಲ್ಲಿ ಅವರು ಹಿರಿಯ ಕೆಲಸಗಾರರು. ಕಾರ್ಖಾನೆಯಿಂದ ಬರೀ ಚಾಸಿ ಬರುತ್ತಿತ್ತು: ಗಾಲಿ, ಎಂಜಿನ್, ಎರಡು ಉದ್ದನೆಯ ಕಬ್ಬಿಣದ ತೊಲೆ. ಅದನ್ನು ಓಡಿಸಿಕೊಂಡು ಬರುವ ಡ್ರೈವರ್ ಮರದ ಪೆಟ್ಟಿಗೆಯ ಮೇಲೆ ಕೂತು, ಧೂಳಿಗೆ ಹೆದರಿ ಮುಖಕ್ಕೆ ಟವೆಲ್ ಸುತ್ತಿಕೊಂಡಿರುತ್ತಿದ್ದ. ಅದರ ಮೇಲೆ ಕಂಬ, ತಲೆ ಮೇಲಿನ ಮಾಡು, ಕಿಟಕಿ, ಸೀಟು ಎಲ್ಲ ಕೂರಿಸಿ ಬಸ್ಸು ಮಾಡಿ ಕಳಿಸುವುದು ನಮ್ಮ ಶೆಡ್ಡಿನ ಕೆಲಸ.

ತೊಂಬತ್ತರ ದಶಕದ ನಡುವೆ ನಾನು ಅಲ್ಲಿ ನಕ್ಷೆ ಬರೆಯಲು ಸೇರಿದೆ. ಅಪ್ಪ ಧಾರವಾಡದ ಕಡೆಯಿಂದ ಬಂದು ಪುಣೆಯಲ್ಲಿ ಗುಮಾಸ್ತರಾಗಿದ್ದವರು. ಸೇರಿದ ಮೊದಲ ವಾರದಲ್ಲೇ ಶಾಯಿಯ ಬಾಟಲಿ ಉರುಳಿ ಒಂದು ನಕ್ಷೆ ಪೂರಾ ಹಾಳಾಯಿತು. ನನ್ನಷ್ಟಕ್ಕೆ ನಾನೇ ಕನ್ನಡದಲ್ಲಿ ಬೈದುಕೊಂಡೆ. ಬಾಗಿಲ ಹೊರಗಿನಿಂದ ಒಂದು ದನಿ ಬಂತು, "ನಮ್ಮ ಕಡೆಯಾಕಿ ಏನವ್ವಾ ನೀ?"

ಕಾಕಾ ಬೀದರ್ ಸೀಮೆಯವರು. ಕನ್ನಡ ನಿಧಾನವಾಗಿ ಕೂಡಿಸಿ ಓದುತ್ತಿದ್ದರು, ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಅವರ ಹತ್ತಿರ ಇದ್ದ ಹನ್ನೊಂದು ಪುಸ್ತಕಗಳೂ ಇಂಗ್ಲಿಷಿನವು, ಎಲ್ಲವೂ ಮೋಟಾರಿನವು. ಜುನಾ ಬಜಾರಿನ ಹಳೇ ಸಾಮಾನಿನ ರಾಶಿಯಿಂದ ಒಂದೊಂದಾಗಿ ಆರಿಸಿ ತಂದದ್ದು. ವಿಲಾಯತಿಯ ಹಳೆಯ ಕಾರುಗಳ ಚಿತ್ರದ ಪುಸ್ತಕ, ಮರದ ಚೌಕಟ್ಟಿನ ಮೇಲೆ ತಗಡು ಬಗ್ಗಿಸಿ ಕಾರು ಕಟ್ಟುತ್ತಿದ್ದ ಕಾಲದ ಪುಸ್ತಕ, ಬಸ್ಸು ಲಾರಿಗಳ ರಚನೆಯ ಮೇಲೆ ಒಂದು ದಪ್ಪ ಪುಸ್ತಕ. ಟೂಲ್ ಪೆಟ್ಟಿಗೆಯ ತಳದಲ್ಲಿ ರೆಕ್ಸಿನ್ ಚೂರು ಸುತ್ತಿ ಇಟ್ಟಿರುತ್ತಿದ್ದರು. ಇಷ್ಟು ವರ್ಷ ಬರೀ ಚಿತ್ರಗಳನ್ನೇ ಓದಿದ್ದರು. ಒಂದು ಚಿತ್ರ ತೋರಿಸಿ, "ಇದನ್ನ ಬರದಾಂವ ಜನ್ಮದಾಗ ಒಂದು ರಿವಿಟ್ ಹೊಡದಿಲ್ಲ" ಎಂದರು. ನೋಡಿದರೆ ನಿಜ, ಸುತ್ತಿಗೆ ಆಡಿಸಲು ಅಲ್ಲಿ ಜಾಗವೇ ಇರಲಿಲ್ಲ.

ಊಟದ ವೇಳೆಯಲ್ಲಿ ದಿನಾ ಅರ್ಧ ಗಂಟೆ ನಾನು ಓದಿ ಕನ್ನಡದಲ್ಲಿ ಹೇಳಬೇಕೆಂದು ಮಾತಾಯಿತು. ಒಂದು ದಿನ ಕಷ್ಟದ ಭಾಗ ಬಂದಾಗ ಸುಮ್ಮನೆ ಹಾರಿಸಿ ಮುಂದೆ ಹೋದೆ. ಅವರು ಕಿರುಬೆರಳನ್ನು ಆ ಭಾಗದ ಮೇಲೆ ಇಟ್ಟರು.

"ಇಲ್ಲಿ ಏಳು ಸಾಲು ಅದಾವ. ನೀ ಹೇಳಿದ್ದು ಎರಡು ಮಾತು. ಉಳದದ್ದು ಎಲ್ಲಿ ಹೋತು?"

"ತಿಳೀಲಿಲ್ಲ ಕಾಕಾ."

"ತಿಳೀಲಿಲ್ಲ ಅಂತ ಹೇಳು. ಹಾರಸಬ್ಯಾಡ."

ಮನೆಗೆ ಹೋಗಿ ಡಿಕ್ಷನರಿ ನೋಡಿ ಮರುದಿನ ಹೇಳಿದೆ. ಅಂದಿನಿಂದ ಹಾರಿಸಲಿಲ್ಲ.

ದಪ್ಪ ಪುಸ್ತಕದಲ್ಲಿ ಬೇಕಂತಲೇ ಬಸ್ಸನ್ನು ದಿಬ್ಬದಿಂದ ಉರುಳಿಸಿ ಪರೀಕ್ಷೆ ಮಾಡುವ ನಾಲ್ಕು ಚಿತ್ರಗಳಿದ್ದವು. ಬಸ್ಸು ಮಗುಚಿದಾಗ ಜನ ಸಾಯುವುದು ಹೆಚ್ಚಾಗಿ ಮಾಡು ಒಳಗೆ ಕುಸಿಯುವುದರಿಂದ, ಆ ಮಾಡನ್ನು ಹಿಡಿದು ನಿಲ್ಲಿಸುವುದು ಕಿಟಕಿಗಳ ನಡುವಿನ ಕಂಬಗಳು, ಅವುಗಳಲ್ಲಿ ಒಂದನ್ನು ಕಡಿಮೆ ಮಾಡಿದರೂ ಉಳಿದವುಗಳ ಮೇಲೆ ಭಾರ ಬೀಳುತ್ತದೆ ಎಂದು ಬರೆದಿತ್ತು. ಅದನ್ನು ಮೂರು ದಿನ ಮತ್ತೆ ಮತ್ತೆ ಓದಿಸಿದರು.

ಆಗ ಖಾಸಗಿ ಬಸ್ಸುಗಳು ಹೆಚ್ಚುತ್ತಿದ್ದ ಕಾಲ. ಎಲ್ಲರಿಗೂ ದೊಡ್ಡ ಗಾಜಿನ ಕಿಟಕಿ ಬೇಕಿತ್ತು. ಕಾಕಾ ತಂಗಿಯ ಮಗಳ ಮದುವೆಗೆಂದು ಹತ್ತು ದಿನ ಊರಿಗೆ ಹೋಗಿದ್ದಾಗ ಮಾಲೀಕ ನನ್ನ ಮೇಜಿನ ಹತ್ತಿರ ಬಂದ. ಬಸ್ಸಿನ ನಕ್ಷೆಯ ಮೇಲೆ ಬೆರಳಾಡಿಸಿ, "ದೋನ್ ದೋನ್ ಖಾಂಬ್ ಕಾಢೂನ್ ಟಾಕ್" ಎಂದ. ಎರಡೂ ಮಗ್ಗುಲಿನಲ್ಲಿ ಎರಡೆರಡು ಕಂಬ ತೆಗೆದುಬಿಡಬೇಕು.

ಮೇಸ್ತ್ರಿ ಬರಲಿ ಎಂದೆ. ನಕ್ಷೆ ಬರೆಯುವವಳು ನೀನೋ ಮೇಸ್ತ್ರಿಯೋ ಎಂದು ಕೇಳಿದ. ಸಿಟ್ಟೇನೂ ಇರಲಿಲ್ಲ, ನಗುತ್ತಲೇ ಕೇಳಿದ. ಟ್ರೇಸಿಂಗ್ ಕಾಗದದ ಮೇಲಿನ ಶಾಯಿ ರಬ್ಬರಿಗೆ ಹೋಗುವುದಿಲ್ಲ, ಬ್ಲೇಡಿನಿಂದ ಕೆರೆಯಬೇಕು. ನಾನು ಬ್ಲೇಡ್ ತೆಗೆದುಕೊಂಡು ನಾಲ್ಕು ಕಂಬಗಳನ್ನು ಕೆರೆದು ತೆಗೆದೆ. ಕೆಲಸ ಅಚ್ಚುಕಟ್ಟಾಗಿತ್ತು. ಅಲ್ಲಿ ಏನಾದರೂ ಇತ್ತೆಂಬ ಗುರುತು ಉಳಿಯಲಿಲ್ಲ.

ಕಾಕಾ ಬರುವ ಹೊತ್ತಿಗೆ ಉಳಿದ ಕಂಬಗಳು ಚಾಸಿಯ ಮೇಲೆ ನಿಂತಿದ್ದವು. ಕೈಚೀಲವನ್ನು ಹೆಗಲಿನಿಂದ ಇಳಿಸದೆ ಎಣಿಸಿದರು. ನನ್ನ ಕಡೆ ನೋಡಿದರು. ನಾನು ತಲೆ ಎತ್ತಲಿಲ್ಲ. ಮಾಲೀಕನ ಕೋಣೆಗೆ ಹೋಗಿ, ಬಹಳ ಹೊತ್ತಿನ ಮೇಲೆ ಹೊರಗೆ ಬಂದು, "ಮುಗಸೂಣು ನಡೀರಿ" ಎಂದು ಹುಡುಗರಿಗೆ ಹೇಳಿದರು. ಆ ಬಸ್ಸಿನ ಬೆಸುಗೆಯನ್ನೆಲ್ಲ ತಾವೇ ಹಾಕಿದರು. ಅಷ್ಟು ದಿನವೂ ಊಟದ ವೇಳೆಯಲ್ಲಿ ಪುಸ್ತಕ ತೆಗೆಯಲಿಲ್ಲ.

ಮುಂದಿನ ಮಳೆಗಾಲದಲ್ಲಿ ಆ ಬಸ್ಸು ಇಂದಾಪುರದ ಆಚೆ, ಹಾಡುಹಗಲಿನಲ್ಲಿ, ಒಂದು ಟ್ರ್ಯಾಕ್ಟರನ್ನು ತಪ್ಪಿಸಲು ಹೋಗಿ ರಸ್ತೆಯಿಂದ ಕೆಳಗೆ ಉರುಳಿತು. ಮೂವರು ಸತ್ತರು. ಡ್ರೈವರ್ ಕಾಲು ಮುರಿದುಕೊಂಡು ಬದುಕಿದ. ಸುದ್ದಿ ಶೆಡ್ಡಿಗೆ ಮುಟ್ಟಿದ ಮರುದಿನ ಕಾಕಾ ನನ್ನ ಬಳಿ ಬಂದು, "ನಡೀ, ನೋಡಿ ಬರೂಣು" ಎಂದರು. ಸರ್ಕಾರಿ ಎಸ್.ಟಿ. ಬಸ್ಸಿನಲ್ಲಿ ಮೂರು ತಾಸಿನ ದಾರಿ.

ಬಸ್ಸನ್ನು ಪೊಲೀಸ್ ಠಾಣೆಯ ಪಕ್ಕದ ಬಯಲಿಗೆ ಎಳೆದು ತಂದು ನಿಲ್ಲಿಸಿದ್ದರು. ಮಾಡು ಸೀಟಿನ ಬೆನ್ನಿನವರೆಗೆ ಇಳಿದಿತ್ತು. ಒಂದು ಸೀಟಿನ ಕೆಳಗೆ ಹೆಂಗಸಿನ ಚಪ್ಪಲಿ ಸಿಕ್ಕಿಕೊಂಡಿತ್ತು. ಕಾಕಾ ಒಂದೊಂದೇ ಬೆಸುಗೆಯನ್ನು ಮುಟ್ಟಿ ನೋಡುತ್ತ ಬಸ್ಸನ್ನು ಒಂದು ಸುತ್ತು ಬಂದರು. ಆಮೇಲೆ ಕೆಸರಿನಲ್ಲೇ ಕುಕ್ಕರುಗಾಲಲ್ಲಿ ಕುಳಿತರು.

"ಬೆಸುಗೆ ಒಂದೂ ಬಿಟ್ಟಿಲ್ಲ ತಂಗಿ."

ಬಾಗಿದ ಒಂದು ಕಂಬದ ಮೇಲೆ ಕೈ ಇಟ್ಟರು.

"ಬಿಟ್ಟಿದ್ರ ಛಲೋ ಇತ್ತು. ನನ್ನ ಕೈ ತಪ್ಪು ಅಂತಿದ್ದೆ. ಕಂಬಾನ ಬಾಗ್ಯಾವ. ನಾವು ಇದನ್ನ ಓದಿದ್ವಿ. ಓದಿದ ಮ್ಯಾಲ ಗೊತ್ತಿಲ್ಲ ಅನ್ನಾಕ ಬರಂಗಿಲ್ಲ."

ವಿಚಾರಣೆಗೆ ಪೊಲೀಸ್ ಅಧಿಕಾರಿ ಶೆಡ್ಡಿಗೆ ಬಂದ. ಗಿರಾಕಿಯೇ ನಕ್ಷೆ ಕೊಟ್ಟದ್ದೆಂದು ಹೇಳಿ ಎಂದು ಮಾಲೀಕ ಎಲ್ಲರಿಗೂ ಮೊದಲೇ ಹೇಳಿಟ್ಟಿದ್ದ. ಕಾಕಾ ಹಾಗೆ ಹೇಳಲಿಲ್ಲ. ಕಂಬ ಕಡಿಮೆ ಮಾಡಿಸಿದವರು ಮಾಲೀಕರು, ಗೊತ್ತಿದ್ದೂ ಕಟ್ಟಿದವನು ತಾನು ಎಂದು ಮರಾಠಿಯಲ್ಲಿ ನಿಧಾನವಾಗಿ ಹೇಳಿ ಬರೆಸಿದರು. ನಕ್ಷೆ ತಿದ್ದಿದ್ದು ಯಾರು ಎಂದು ಅಧಿಕಾರಿ ಕೇಳಿದ. ನಾನು ಗೋಡೆಗೆ ಒರಗಿ ನಿಂತಿದ್ದೆ. ನನ್ನ ಮದುವೆಗೆ ಎರಡು ತಿಂಗಳಿತ್ತು.

"ತಿದ್ದು ಅಂತ ನಾನೇ ಹೇಳಿದ್ದೆ. ಆ ಹುಡುಗಿಗೆ ಏನೂ ತಿಳಿಯದು" ಎಂದರು ಕಾಕಾ.

ಅವರು ಹೇಳಿರಲಿಲ್ಲ. ಆ ದಿನ ಅವರು ಪುಣೆಯಲ್ಲೇ ಇರಲಿಲ್ಲ. ಒಂದು ಮಾತು ಆಡಿದ್ದರೆ ಸಾಕಿತ್ತು, ನಾನು ಆಡಲಿಲ್ಲ.

ಕೇಸಿನಲ್ಲಿ ಡ್ರೈವರ್, ಶೆಡ್ಡಿನ ಮಾಲೀಕ, ಕಾಕಾ ಮೂವರ ಹೆಸರೂ ಸೇರಿತು. ಮಾಲೀಕ ಕಾಕಾ ಅವರನ್ನು ಕೆಲಸದಿಂದ ತೆಗೆದ. ಮಾಲೀಕನ ವಿರುದ್ಧ ಬಾಯಿ ಬಿಟ್ಟವರೆಂದು ಉಳಿದ ಶೆಡ್ಡುಗಳೂ ಬಾಗಿಲು ಮುಚ್ಚಿದವು. ಕೊನೆಗೆ ಅವರು ಕುರಕುಂಭದ ರಾಸಾಯನಿಕ ಕಾರ್ಖಾನೆಗಳಲ್ಲಿ ಗುತ್ತಿಗೆಯ ಮೇಲೆ ಟ್ಯಾಂಕುಗಳಿಗೆ ಬೆಸುಗೆ ಹಾಕಲು ಹೋದರು. ವಾರವಿಡೀ ಅಲ್ಲೇ ಇದ್ದು, ಶನಿವಾರ ಯೆರವಡಾದ ತಮ್ಮ ಒಂದೇ ಕೋಣೆಯ ಮನೆಗೆ, ಹೆಂಡತಿಯ ಬಳಿಗೆ ಬರುತ್ತಿದ್ದರು.

ನನ್ನ ಮದುವೆಯಾಯಿತು. ಗಂಡನ ಮನೆಯೂ ಯೆರವಡಾದ ಹತ್ತಿರವೇ. ಕೆಲವು ವರ್ಷಗಳ ಮೇಲೆ, ಹೊಸ ಶತಮಾನ ಶುರುವಾದ ನಂತರದ ಒಂದು ಭಾನುವಾರ, ಕಾಕಾ ಬಾಗಿಲಿಗೆ ಬಂದರು. ಸೊರಗಿದ್ದರು. ನೀರು ಕುಡಿದು, ಸ್ವಲ್ಪ ಹೊತ್ತು ಫ್ಯಾನಿನ ಕೆಳಗೆ ಕಣ್ಣು ಮುಚ್ಚಿ ಕೂತು, ಆಮೇಲೆ ಹೇಳಿದರು.

"ಬಸ್ಸು ಕಟ್ಟೋದರ ಮ್ಯಾಲ ಕನ್ನಡದಾಗ ಒಂದು ಪುಸ್ತಕ ಮಾಡಬೇಕು. ಕಲಬುರ್ಗಿ, ಯಾದಗಿರಿಯಿಂದ ನಮ್ಮ ಹುಡುಗರು ಬರ್ತಾವ. ಇಂಗ್ಲಿಷ್ ಬರಂಗಿಲ್ಲ, ಮರಾಠಿ ಓದಾಕ ಬರಂಗಿಲ್ಲ. ಹೇಳಿದಂಗ ಕಟ್ಟತಾವ. ನಾ ಹೇಳ್ತೀನಿ, ನೀ ಬರಿ. ಚಿತ್ರಾನೂ ನೀನ ತಗಿ."

ಮೂರು ವರ್ಷ ಹಿಡಿಯಿತು. ಪ್ರತಿ ಭಾನುವಾರವೂ ಆಗುತ್ತಿರಲಿಲ್ಲ. ಬಂದರೂ ಎಷ್ಟೋ ಸಲ ಮಾತಿನ ನಡುವೆಯೇ ಅವರಿಗೆ ನಿದ್ದೆ ಹತ್ತುತ್ತಿತ್ತು. ನಾನು ಪೆನ್ನು ಹಿಡಿದು ಕಾಯುತ್ತಿದ್ದೆ. ಎದ್ದ ಮೇಲೆ ನಿಲ್ಲಿಸಿದ ಪದದಿಂದಲೇ ಮುಂದುವರಿಸುತ್ತಿದ್ದರು. ಮೊದಮೊದಲು ನಾನು ಪುಸ್ತಕದ ಕನ್ನಡವೆಂದು ಏನೇನೋ ಬರೆದೆ: "ಸ್ತಂಭಗಳನ್ನು ಲಂಬವಾಗಿ ಸ್ಥಾಪಿಸತಕ್ಕದ್ದು." ಓದಿಸಿ ಕೇಳಿದರು.

"ಇದನ್ನ ಓದಿದ್ರ ಯಾದಗಿರಿ ಹುಡುಗ ಕಂಬ ಬಿಟ್ಟು ಕೈ ಮುಗೀತಾನ. ಹಿಂಗ ಬರಿ: ಕಂಬ ನೆಟ್ಟಗ ನಿಲ್ಲಿಸು. ನಿಲ್ಲಿಸಿದ ಮ್ಯಾಲ ಹತ್ತು ಹೆಜ್ಜಿ ಹಿಂದಕ ಹೋಗಿ ನೋಡು."

ಹಾಗೆಯೇ ಬರೆದೆ. ಇಡೀ ಪುಸ್ತಕ ಆ ಧಾಟಿಯಲ್ಲೇ ಇದೆ.

ಕೊನೆಯ ಅಧ್ಯಾಯ ಇಂದಾಪುರದ ಬಸ್ಸಿನದು. ಅದು ಬೇಕೇ ಎಂದು ಕೇಳಿದೆ. "ಅದಕ್ಕಂತನ ಪುಸ್ತಕ" ಎಂದರು. ಅವರು ಹೇಳಿದಷ್ಟನ್ನು ಬರೆದು, ನಕ್ಷೆಯ ವಿಷಯ ಬಂದಾಗ ನಾನೇ ಒಂದು ಸಾಲು ಸೇರಿಸಿದೆ. ಓದು ಎಂದಾಗ ಓದಿದೆ: "ಮೇಸ್ತ್ರಿಯ ಸೂಚನೆಯಂತೆ ನಕ್ಷೆಯನ್ನು ತಿದ್ದಲಾಯಿತು."

"ಯಾರು ತಿದ್ದಿದ್ರು?"

"ನೀವ ಹಂಗ ಹೇಳಿದ್ರಲ್ಲ ಕಾಕಾ, ಅಧಿಕಾರಿ ಮುಂದ."

"ಅದು ನಿನ್ನ ಲಗ್ನದ ಸಲುವಾಗಿ ಹೇಳಿದ್ದು. ಈ ಪುಸ್ತಕ ಓದಾಂವ ನಾಳೆ ಕಂಬ ನಿಲ್ಲಸಾಂವ. ಅಂವಗ ಸುಳ್ಳು ಹೇಳಬಾರದು."

"ನಿಮಗ ನನ್ನ ಮ್ಯಾಲ ಸಿಟ್ಟು ಅದ."

"ಇಲ್ಲ ತಂಗಿ. ಸಿಟ್ಟಿಲ್ಲ. ದಣದೀನಿ." ಅವರು ಕಣ್ಣು ಉಜ್ಜಿಕೊಂಡರು. "ಅಷ್ಟೂ ವರ್ಷ ನಾ ಒಬ್ಬಾಂವ ಹೊತಗೊಂಡು ದಣದೀನಿ."

ಆ ಸಾಲನ್ನು ಹೊಡೆದುಹಾಕಿ ಬರೆದೆ: ಮೇಸ್ತ್ರಿ ಊರಲ್ಲಿ ಇರಲಿಲ್ಲ. ಮಾಲೀಕರು ಹೇಳಿದರು. ನಾನು ನಾಲ್ಕು ಕಂಬಗಳನ್ನು ಬ್ಲೇಡಿನಿಂದ ಕೆರೆದು ತೆಗೆದೆ. ಅದು ತಪ್ಪೆಂದು ನನಗೆ ಗೊತ್ತಿತ್ತು.

ಓದಿದೆ. "ಈಗ ಮುಂದಿಂದು ಬರಿ" ಎಂದರು.

ಬರೆದ ಮೇಲೆ ಸುಮ್ಮನಿರಲು ಆಗಲಿಲ್ಲ. ಕೇಸು ಇನ್ನೂ ಮುಗಿದಿರಲಿಲ್ಲ. ಗಂಡನಿಗೆ ಎಲ್ಲ ಹೇಳಿದೆ. ಅವರು ಮೂರನೆಯ ದಿನ ತಾವೇ ಒಬ್ಬ ವಕೀಲರ ಬಳಿ ಕರೆದುಕೊಂಡು ಹೋದರು. ಕೋರ್ಟಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಇಷ್ಟು ವರ್ಷ ಯಾಕೆ ಬಾಯಿ ಮುಚ್ಚಿಕೊಂಡಿದ್ದಿ ಎಂದು ಮಾಲೀಕನ ವಕೀಲ ಕೇಳಿದ. ಹೆದರಿದ್ದೆ ಎಂದೆ. ಹಿಂದಿನ ಬೆಂಚಿನ ಮೇಲೆ ಕಾಕಾ ಗೋಡೆಗೆ ತಲೆ ಆನಿಸಿ ಕೂತಿದ್ದರು. ಹೊರಗೆ ಬಂದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿದೆವು. ಕಾಕಾ ಚಹಾದಲ್ಲಿ ಶುಂಠಿ ಛಲೋ ಬಿದ್ದಿದೆ ಎಂದರು, ಇನ್ನೊಂದು ಕಪ್ ಕುಡಿದರು.

ಅದಾಗಿ ಎರಡು ತಿಂಗಳೊಳಗೆ ತೀರಿಕೊಂಡರು. ವರ್ಷಗಟ್ಟಲೆ ಬೆಸುಗೆಯ ಹೊಗೆ ಕುಡಿದ ಎದೆ. ಸರ್ಕಾರಿ ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದರು. ನಾನು ಹೋದಾಗ ಆಮ್ಲಜನಕದ ಕೊಳವೆಯನ್ನು ಪಕ್ಕಕ್ಕೆ ಸರಿಸಿ, "ಅಚ್ಚಿಗೆ ಹೋತೇನು?" ಎಂದು ಕೇಳಿದರು. ಕಲಬುರಗಿಯ ಪ್ರೆಸ್ಸಿಗೆ ಕಳಿಸಿದ್ದೇನೆ ಎಂದೆ. ತಲೆಯಾಡಿಸಿದರು. ಅವರ ಊರಿನಲ್ಲೇ ಮಣ್ಣು ಮಾಡಿದರು.

ಪುಸ್ತಕ ಬಂತು. ಅವರಿಗೆ ಅದನ್ನು ತೋರಿಸಲಾಗಲಿಲ್ಲ. ಹಡಪ್ಸರದ ಕಡೆಯ ಶೆಡ್ಡುಗಳಿಗೆ ಒಂದೊಂದು ಪ್ರತಿ ಕೊಟ್ಟು ಬಂದೆ. ಕೆಲವರು ಇಟ್ಟುಕೊಂಡರು, ಕೆಲವರು ಅದರ ಮೇಲೆ ಟಿಫಿನ್ ಡಬ್ಬಿ ಇಟ್ಟರು. ಒಂದು ಕಡೆ ಒಬ್ಬ ವೆಲ್ಡರ್ ನಿಂತಲ್ಲೇ ಎರಡು ಪುಟ ಓದಿ, ಕೆಲಸ ಬಿಟ್ಟು ಹಿಂದಕ್ಕೆ ಹತ್ತು ಹೆಜ್ಜೆ ಇಟ್ಟು, ತಾನು ನಿಲ್ಲಿಸಿದ ಕಂಬವನ್ನು ನೋಡಿದ. ಮತ್ತೆ ಬಂದು ಕಂಬವನ್ನು ಬಿಚ್ಚತೊಡಗಿದ.

ಕೇಸಿನ ಮುಂದಿನ ತಾರೀಖಿಗೆ ನಾನೊಬ್ಬಳೇ ಹೋದೆ. ಕೋರ್ಟಿನ ಜವಾನ ಬಾಗಿಲಲ್ಲಿ ನಿಂತು ಕಾಕಾ ಅವರ ಹೆಸರನ್ನು, ಅವರ ತಂದೆಯ ಹೆಸರು, ಊರಿನ ಹೆಸರಿನೊಂದಿಗೆ ಮೂರು ಸಲ ಕೂಗಿದ. ಅವರ ಪೂರ್ತಿ ಹೆಸರನ್ನು ನಾನು ಅಷ್ಟು ಜೋರಾಗಿ ಕೇಳಿದ್ದು ಅದೇ ಮೊದಲು. ಎದ್ದು ನಿಂತು, ಅವರು ತೀರಿಕೊಂಡಿದ್ದಾರೆ ಎಂದೆ.

ನೀವು ಅವರಿಗೆ ಏನಾಗಬೇಕು ಎಂದು ಗುಮಾಸ್ತ ಕೇಳಿದ.

ಮಗಳಲ್ಲ, ತಂಗಿಯಲ್ಲ, ಸೊಸೆಯಲ್ಲ. "ಅವರ ಶೆಡ್ಡಿನಲ್ಲಿ ನಕ್ಷೆ ಬರೆಯುತ್ತಿದ್ದೆ" ಎಂದೆ. ಅವನು ಕಾಗದದ ಮೇಲೆ ಅವರ ಹೆಸರಿನ ಮುಂದೆ ಏನೋ ಬರೆದುಕೊಂಡು, ನನಗೆ ಇನ್ನೊಂದು ತಾರೀಖು ಕೊಟ್ಟ. ಆ ತಾರೀಖಿಗೂ ಹೋದೆ. ಅದರ ಮುಂದಿನದಕ್ಕೂ.